ಎಂಬಿಬಿಎಸ್‌ಗೆ ಹೊರಟವರ ಲ್ಯಾಪ್‌ಟಾಪ್: ಕಲ್ಯಾಣ, ಹುಮನಾಬಾದಿನ ಮಕ್ಕಳಿಗೆ 16 ಸೂತ್ರಗಳು

ನೀಟ್ ಫಲಿತಾಂಶ ಬಂದು ಕೆಇಎ ಸೀಟು ಹಂಚಿಕೆ ಶುರುವಾಯಿತೆಂದರೆ ಬಸವಕಲ್ಯಾಣ, ಹುಮನಾಬಾದಿನ ಮನೆಗಳಲ್ಲಿ ಒಂದೇ ವಿಚಾರಣೆ: ‘ಮಗಳು ಡಾಕ್ಟರ್ ಓದ್ಲಾಕ ಹೊಂಟಾಳ, ಚಲೋ ಲ್ಯಾಪ್‌ಟಾಪ್ ಯಾವ್ದು ಹೇಳ್ರಿ?’ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೈದ್ಯಕೀಯ ಸೀಟಿನ ಬಾಗಿಲು ಅಗಲವಾಗಿದೆ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಮತ್ತು ಎಂ.ಆರ್. ಮೆಡಿಕಲ್ ಕಾಲೇಜು, ರಾಯಚೂರು, ಬಳ್ಳಾರಿ, ಬೆಂಗಳೂರು ಎಂದು ಮಕ್ಕಳು ಹೊರಡುತ್ತಿದ್ದಾರೆ. ಅನೇಕರ ಮನೆಗೆ ಇದೇ ಮೊದಲ ಕಂಪ್ಯೂಟರು. ಅದಕ್ಕಾಗಿ ಅಪ್ಪ ಫಸಲಿನ ದುಡ್ಡು ತೆಗೆದಿಟ್ಟಿರುತ್ತಾರೆ, ಇಲ್ಲವೇ ಸೊಸೈಟಿಯಲ್ಲಿ ಸಾಲ ಎತ್ತಿರುತ್ತಾರೆ. ಆ ದುಡ್ಡು ಸರಿಯಾದ ಯಂತ್ರಕ್ಕೆ ಹೋಗಬೇಕು. ಯಂತ್ರ ಐದೂವರೆ ವರ್ಷ ಬಾಳಬೇಕು. ಮುಂದೆ ಅದರೊಳಗೆ ಸೇರುವ ರೋಗಿಗಳ ಗುಟ್ಟು ಹೊರಗೆ ಸೋರಬಾರದು. ಕೆಳಗಿನ ಹದಿನಾರು ಸೂತ್ರಗಳು ಈ ಮೂರಕ್ಕಾಗಿ.

1. ಕಾಲೇಜು ಖಚಿತವಾಗುವ ತನಕ ಕೊಳ್ಳಬೇಡಿ

ಮೊದಲ ಸುತ್ತಿನಲ್ಲಿ ಬೀದರ ಸಿಕ್ಕವರಿಗೆ ಎರಡನೇ ಸುತ್ತಿನಲ್ಲಿ ಮೈಸೂರು ಸಿಗಬಹುದು. ಕಾಲೇಜು ಬದಲಾದರೆ ಹಾಸ್ಟೆಲ್, ವೈಫೈ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲವೂ ಬದಲಾಗುತ್ತವೆ. ಮೊದಲ ದಿನಗಳಲ್ಲಿ ಬೇಕಾಗುವುದು ಏಪ್ರನ್, ಡಿಸೆಕ್ಷನ್ ಕಿಟ್, ಅನಾಟಮಿ ಪುಸ್ತಕ, ಮೂಳೆಗಳ ಸೆಟ್. ಲ್ಯಾಪ್‌ಟಾಪ್ ಇಲ್ಲದಿದ್ದರೆ ಪಾಠವೇನೂ ನಿಲ್ಲುವುದಿಲ್ಲ. ಕಾಲೇಜಿಗೆ ಸೇರಿ ಎರಡನೇ ವರ್ಷದ ಸೀನಿಯರ್‌ಗಳನ್ನು ಮೂರು ವಿಷಯ ಕೇಳಿ: ತರಗತಿಗೆ ಲ್ಯಾಪ್‌ಟಾಪ್ ಒಯ್ಯುತ್ತೀರಾ? ಹಾಸ್ಟೆಲ್ ಕೋಣೆಯಲ್ಲಿ ಬೀಗ ಹಾಕುವ ಕಪಾಟು ಇದೆಯೇ? ಕೆಟ್ಟರೆ ಎಲ್ಲಿ ರಿಪೇರಿ ಮಾಡಿಸುತ್ತೀರಿ? ಈ ಮೂರು ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದಂತೆ. ದಸರಾ, ದೀಪಾವಳಿಯ ರಿಯಾಯಿತಿಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುತ್ತದೆ.

2. ಕೆಲಸದ ಪಟ್ಟಿ ಮೊದಲು, ಮಾಡೆಲ್ ಆಮೇಲೆ

ಒಂದು ಹಾಳೆ ತೆಗೆದುಕೊಂಡು ಈ ಐದೂವರೆ ವರ್ಷದಲ್ಲಿ ಲ್ಯಾಪ್‌ಟಾಪ್‌ನಿಂದ ಏನೇನು ಆಗಬೇಕೆಂದು ಬರೆಯಿರಿ. ಪಿಡಿಎಫ್ ಪುಸ್ತಕ ಓದುವುದು, ಪಾಠದ ವಿಡಿಯೋ ನೋಡುವುದು, ಅಂಗರಚನೆಯ ತ್ರೀಡಿ ಚಿತ್ರ ತಿರುಗಿಸಿ ನೋಡುವುದು, ಹಿಸ್ಟಾಲಜಿ ಸ್ಲೈಡು ದೊಡ್ಡದು ಮಾಡಿ ನೋಡುವುದು, ಸೆಮಿನಾರಿಗೆ ಪಿಪಿಟಿ ತಯಾರಿಸುವುದು. ಎರಡು, ಮೂರನೇ ವರ್ಷದಲ್ಲಿ ಐಸಿಎಂಆರ್‌ನ ಎಸ್‌ಟಿಎಸ್‌ನಂಥ ಅಲ್ಪಾವಧಿ ಸಂಶೋಧನೆಗೆ ಕೈಹಾಕಿದರೆ ಎಕ್ಸೆಲ್, ಅಂಕಿಅಂಶ ವಿಶ್ಲೇಷಣೆಗೆ ಜಮೋವಿ, ಉಲ್ಲೇಖಗಳ ಪಟ್ಟಿಗೆ ಝೊಟೆರೊ ಬೇಕು. ಕೊನೆಯ ಎರಡೂ ಉಚಿತ. ಓಎಂಆರ್ ಹಾಳೆಯಲ್ಲಿ ಗುಂಡು ತುಂಬಿ ಬಂದವರು ನೀಟ್ ಪಿಜಿಯನ್ನು ಕಂಪ್ಯೂಟರ್ ಮುಂದೆ ಕೂತೇ ಬರೆಯಬೇಕು. ಪರದೆಯ ಮೇಲೆ ಉದ್ದನೆಯ ಪ್ರಶ್ನೆ ಓದಿ ಉತ್ತರಿಸುವ ರೂಢಿ ಈಗಿನಿಂದಲೇ ಆಗಲಿ. ಈ ಪಟ್ಟಿಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡುವ ಕೆಲಸ ಒಂದೂ ಇಲ್ಲ. ಹಾಗಾಗಿ ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಅದು ಭಾರ, ಬಿಸಿ ಹೆಚ್ಚು, ಬ್ಯಾಟರಿ ಕಮ್ಮಿ.

3. ಈ ಅಳತೆಗಿಂತ ಕೆಳಗೆ ಇಳಿಯಬೇಡಿ

ರ‍್ಯಾಮ್ 16 ಜಿಬಿ. ಎಸ್‌ಎಸ್‌ಡಿ 512 ಜಿಬಿ. ಪ್ರೊಸೆಸರ್ ಇತ್ತೀಚಿನ ಎರಡು ಮೂರು ತಲೆಮಾರಿನ ಇಂಟೆಲ್ ಕೋರ್ ಐ5, ಕೋರ್ ಅಲ್ಟ್ರಾ 5 ಅಥವಾ ಎಎಂಡಿ ರೈಜನ್ 5. ಇದಕ್ಕಿಂತ ದೊಡ್ಡ ಪ್ರೊಸೆಸರಿಗೆ ದುಡ್ಡು ಸುರಿಯುವ ಬದಲು ಅದನ್ನು ರ‍್ಯಾಮ್ ಮತ್ತು ವಾರಂಟಿಗೆ ಹಾಕಿ. ಅಂಗಡಿಯಲ್ಲಿ ತಪ್ಪದೇ ಕೇಳಬೇಕಾದ ಮಾತೊಂದಿದೆ: ‘ರ‍್ಯಾಮ್ ಮುಂದೆ ಹೆಚ್ಚಿಸಬಹುದೇ, ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ?’ ಬೆಸುಗೆ ಹಾಕಿದ್ದರೆ ಈಗ ಕೊಂಡಷ್ಟೇ ಕೊನೆಯ ತನಕ. 8 ಜಿಬಿಯ ಅಗ್ಗದ ಮಾಡೆಲ್ ಮೊದಲ ವರ್ಷ ಚೆನ್ನಾಗಿಯೇ ಓಡುತ್ತದೆ. ಬ್ರೌಸರಿನಲ್ಲಿ ಹತ್ತು ಟ್ಯಾಬ್, ಜೊತೆಗೊಂದು ವಿಡಿಯೋ, ಒಂದು ದಪ್ಪ ಪಿಡಿಎಫ್ ತೆರೆದಿಟ್ಟ ಮೂರನೇ ವರ್ಷದಲ್ಲಿ ಏದುಸಿರು ಬಿಡುತ್ತದೆ. ಒಳಗೆ ಹಾರ್ಡ್‌ಡಿಸ್ಕ್ ಇರುವ ಹಳೇ ಸ್ಟಾಕ್ ಯಾರು ತೋರಿಸಿದರೂ ಬೇಡ ಎನ್ನಿ.

4. ಕೈಯಲ್ಲಿ ಎತ್ತಿ, ಬೆರಳಲ್ಲಿ ಒತ್ತಿ ನೋಡಿ

ಹಾಸ್ಟೆಲಿನಿಂದ ಲೈಬ್ರರಿ, ಲೈಬ್ರರಿಯಿಂದ ಆಸ್ಪತ್ರೆ, ಹಬ್ಬಕ್ಕೆ ಬಸ್ಸಿನಲ್ಲಿ ಊರು: ಈ ಯಂತ್ರ ಸದಾ ಹೆಗಲ ಮೇಲೆ. ಚಾರ್ಜರ್ ಬಿಟ್ಟು ಒಂದೂವರೆ ಕಿಲೋ ಒಳಗಿರಲಿ. 14 ಇಂಚಿನ ಪರದೆ ಓದಲಿಕ್ಕೆ ಸಾಕು, ಹೊರಲಿಕ್ಕೆ ಹಗುರ. ಪರದೆ ಐಪಿಎಸ್ ಅಥವಾ ಓಎಲ್‌ಇಡಿ ಆಗಿರಲಿ, ಹೊಳಪು 300 ನಿಟ್ಸ್‌ಗಿಂತ ಕಮ್ಮಿ ಬೇಡ. ಪಕ್ಕದಿಂದ ನೋಡಿದರೆ ಬಣ್ಣ ಮಸುಕಾಗುವ ಪರದೆಯಲ್ಲಿ ಹಿಸ್ಟಾಲಜಿ ಸ್ಲೈಡಿನ ಗುಲಾಬಿ, ನೇರಳೆಯ ಸೂಕ್ಷ್ಮ ಭೇದ ಕಾಣುವುದಿಲ್ಲ. ಅಂಗಡಿಯಲ್ಲಿ ನಿಂತೇ ನೋಟ್‌ಪ್ಯಾಡ್ ತೆರೆದು ಒಂದು ಪ್ಯಾರಾ ಟೈಪ್ ಮಾಡಿ. ಕೀಲಿ ಒತ್ತಿದಾಗ ಹಲಗೆ ಬಾಗಿದರೆ ಆ ಮಾಡೆಲ್ ಬಿಡಿ. ಬ್ಯಾಟರಿಯ ಬಗ್ಗೆ ಡಬ್ಬಿಯ ಮೇಲೆ ಬರೆದ ತಾಸುಗಳನ್ನು ಪೂರ್ತಿ ನಂಬದೆ, ವ್ಯಾಟ್-ಅವರ್ ಅಂಕಿ ನೋಡಿ. 50ಕ್ಕಿಂತ ಹೆಚ್ಚಿದ್ದರೆ ನೆಮ್ಮದಿ.

5. ವಿಂಡೋಸೋ ಮ್ಯಾಕೋ ಎಂಬ ಜಗಳ ಬೇಡ

ಎರಡರಲ್ಲೂ ಎಂಬಿಬಿಎಸ್ ಮುಗಿಸಬಹುದು. ಮ್ಯಾಕ್‌ಬುಕ್ ಏರ್ ಹಗುರ, ಫ್ಯಾನ್ ಇಲ್ಲದ್ದರಿಂದ ಸದ್ದಿಲ್ಲ, ಬ್ಯಾಟರಿ ದಿನವಿಡೀ ಬರುತ್ತದೆ. 2024ರ ಅಕ್ಟೋಬರಿನಿಂದ ಕಂಪನಿ ಅದಕ್ಕೆ ಕನಿಷ್ಠ 16 ಜಿಬಿ ಕೊಡುತ್ತಿದೆ. ಹಳೇ ಸ್ಟಾಕಿನ 8 ಜಿಬಿ ಮಾಡೆಲ್ ಅಗ್ಗವೆಂದು ಕೊಳ್ಳಬೇಡಿ. ವಿದ್ಯಾರ್ಥಿ ದರ ಬೇರೆಯೇ ಇದೆ, ಕಾಲೇಜಿನ ಗುರುತಿನ ಚೀಟಿ ತೋರಿಸಿ ಕೇಳಿ. ಆದರೆ ಕೆಟ್ಟರೆ ರಿಪೇರಿ ದುಬಾರಿ. ಕಾಲೇಜಿನ ಪ್ರೊಜೆಕ್ಟರ್, ಪ್ರಿಂಟರ್, ಗೆಳೆಯರ ಫೈಲು ಹೆಚ್ಚಾಗಿ ವಿಂಡೋಸ್ ಲೋಕದವು. ಬಜೆಟ್ ಬಿಗಿಯಿದ್ದರೆ ಎರಡನೇ ಯೋಚನೆ ಇಲ್ಲದೆ ವಿಂಡೋಸ್ 11 ತೆಗೆದುಕೊಳ್ಳಿ. ಕ್ರೋಮ್‌ಬುಕ್ ಅಗ್ಗ, ಆದರೆ ಇಂಟರ್‌ನೆಟ್ ಇಲ್ಲದ ಕಡೆ ಕೈ ಕಟ್ಟಿದಂತಾಗುತ್ತದೆ. ಟ್ಯಾಬ್ಲೆಟ್ ಓದಲಿಕ್ಕೆ ಒಳ್ಳೆಯದು, ಆದರೆ ಸಂಶೋಧನಾ ವರದಿ ಬರೆಯುವಾಗ ಸಾಲದು.

6. ಪಿನ್‌ಕೋಡ್ ಹಾಕಿ ಸರ್ವಿಸ್ ನೋಡಿ

ಜಾಹೀರಾತಿನಲ್ಲಿ ‘ಆನ್‌ಸೈಟ್ ವಾರಂಟಿ’ ಎಂದಿರುತ್ತದೆ. ಆ ‘ಸೈಟ್’ ನಿಮ್ಮ ಊರು ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಕಂಪನಿಯ ಜಾಲತಾಣದ ಸರ್ವಿಸ್ ಪುಟ ತೆರೆದು ಮೊದಲು ಕಾಲೇಜಿನ ಪಿನ್‌ಕೋಡ್ ಹಾಕಿ; ಬೀದರ ಆದರೆ 585401. ಆಮೇಲೆ ಮನೆಯದು: ಬಸವಕಲ್ಯಾಣ 585327, ಹುಮನಾಬಾದ್ 585330. ಯಾವ ಕಂಪನಿಯ ಎಂಜಿನಿಯರ್ ನಿಮ್ಮ ಕೋಣೆಯ ತನಕ ಬರುತ್ತಾರೆ, ಯಾವುದಕ್ಕೆ ನೀವೇ ಕಲಬುರಗಿ, ಸೊಲ್ಲಾಪುರ, ಹೈದರಾಬಾದಿಗೆ ಹೊತ್ತೊಯ್ಯಬೇಕು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಎರಡೂ ಊರು ಪುಣೆ–ಹೈದರಾಬಾದ್ ಹೆದ್ದಾರಿಯ ಬಗಲಲ್ಲಿವೆ, ಆದ್ದರಿಂದ ಹೈದರಾಬಾದ್ ತೀರಾ ದೂರವೇನಲ್ಲ. ಆದರೆ ಇಂಟರ್ನಲ್ಸ್ ವಾರದಲ್ಲಿ ಪರದೆ ಹೋದರೆ ಆ ಒಂದು ದಿನದ ಓಡಾಟವೂ ಭಾರವೇ. ಮೂರು ವರ್ಷದ ವಾರಂಟಿ, ಜೊತೆಗೆ ಬಿದ್ದರೆ, ನೀರು ಚೆಲ್ಲಿದರೆ ಹೊಣೆ ಹೊರುವ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ತೆಗೆದುಕೊಳ್ಳಿ. ಹಾಸ್ಟೆಲಿನಲ್ಲಿ ಚಹಾ ಚೆಲ್ಲದ ಕೀಬೋರ್ಡು ಅಪರೂಪ.

7. ದುಡ್ಡನ್ನು ಹತ್ತು ಪಾಲು ಮಾಡಿ

ಎಂಟು ಪಾಲು ಲ್ಯಾಪ್‌ಟಾಪಿಗೆ. ಉಳಿದ ಎರಡು ಪಾಲಿನಲ್ಲಿ ಹೆಚ್ಚುವರಿ ವಾರಂಟಿ, ಬ್ಯಾಕಪ್ಪಿಗೆ ಹೊರಗಿನ ಡಿಸ್ಕ್, ಒಳ್ಳೆ ಬ್ಯಾಗು, ಸರ್ಜ್ ಪ್ರೊಟೆಕ್ಟರ್. ಪೂರ್ತಿ ದುಡ್ಡು ಯಂತ್ರಕ್ಕೇ ಸುರಿದವರು ಬ್ಯಾಕಪ್ ಡಿಸ್ಕನ್ನು ‘ಆಮೇಲೆ’ ಎನ್ನುತ್ತಾರೆ; ಆ ‘ಆಮೇಲೆ’ ಬರುವುದೇ ಇಲ್ಲ. ಶಿಕ್ಷಣ ಸಾಲ ತೆಗೆಯುವವರು ಬ್ಯಾಂಕಿಗೆ ಕೊಡುವ ಅಂದಾಜಿನಲ್ಲಿ ಲ್ಯಾಪ್‌ಟಾಪ್ ಕೊಟೇಶನ್ನನ್ನೂ ಸೇರಿಸಿ. ಓದಿಗೆ ಅಗತ್ಯವಿರುವ ಕಂಪ್ಯೂಟರಿನ ಖರ್ಚಿಗೆ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅವಕಾಶವಿದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ವೃತ್ತಿಶಿಕ್ಷಣ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆಗಳು ರಾಜ್ಯದಲ್ಲಿ ಬಂದಿವೆ. ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ಕಾರ್ಮಿಕ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೇ ಹೋಗಿ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಉಚಿತ ಲ್ಯಾಪ್‌ಟಾಪ್’ ಲಿಂಕ್ ಮುಟ್ಟಬೇಡಿ.

ಲ್ಯಾಪ್‌ಟಾಪ್ ಮೇಲೆ ಶೇ 18 ಜಿಎಸ್‌ಟಿ ಇದೆ. ‘ಬಿಲ್ ಬ್ಯಾಡಂದ್ರ ಕಮ್ಮಿ ಮಾಡ್ತೀನ್ರಿ’ ಎಂದು ಯಾರಾದರೂ ಅಂದರೆ ‘ಬಿಲ್ ಬೇಕೇ ಬೇಕ್ರಿ’ ಎನ್ನಿ. ಬಿಲ್ಲಿಲ್ಲದ ಮಾಲಿಗೆ ವಾರಂಟಿ ಕೇಳುವುದು ಕಷ್ಟ, ಕಳುವಾದರೆ ದೂರಿಗೆ ಆಧಾರವೂ ಇರದು.

8. ಹಳೆಯದು ಕೊಳ್ಳುವುದಾದರೆ ನಾಲ್ಕು ಪರೀಕ್ಷೆ

ಐಟಿ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್‌ಗಳು ಹೈದರಾಬಾದಿನಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಕಡೆ, ಅಗ್ಗಕ್ಕೆ ಸಿಗುತ್ತವೆ. ಬಡ ಮನೆಯ ಮಕ್ಕಳಿಗೆ ಇದು ಒಳ್ಳೆಯ ದಾರಿಯೇ. ಆದರೆ ಮೊದಲನೆಯದಾಗಿ, ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದಾದರೂ ಇರಬೇಕು. ಎರಡನೆಯದು, ಬ್ಯಾಟರಿ ರಿಪೋರ್ಟ್ ತೆಗೆಸಿ. ಮೂಲ ಸಾಮರ್ಥ್ಯ 50 ಇದ್ದು ಈಗ ತುಂಬುವುದು 30 ಆದರೆ ಹೊಸ ಬ್ಯಾಟರಿಯ ಬೆಲೆ ಲೆಕ್ಕಕ್ಕೆ ಹಿಡಿಯಿರಿ. ಮೂರನೆಯದು, ನಿಮ್ಮ ಎದುರಿಗೇ ಪೂರ್ತಿ ರೀಸೆಟ್ ಮಾಡಿಸಿ. ಯಾವುದೋ ಕಂಪನಿಯ ಹೆಸರು ಹೇಳಿ ಲಾಗಿನ್ ಕೇಳಿದರೆ, ಬಯಾಸ್ ಪಾಸ್‌ವರ್ಡ್ ಇದ್ದರೆ, ಮ್ಯಾಕ್ ಹಳೇ ಮಾಲೀಕರ ಖಾತೆಗೆ ಬಂಧಿಯಾಗಿದ್ದರೆ ವಾಪಸ್ ಕೊಡಿ. ನಾಲ್ಕನೆಯದು, ಬಿಲ್ಲಿನ ಸೀರಿಯಲ್ ಸಂಖ್ಯೆಯೂ ಯಂತ್ರದ ಬೆನ್ನಿನ ಸಂಖ್ಯೆಯೂ ಒಂದೇ ಇರಬೇಕು.

9. ಹೊಸ ಡಬ್ಬಿಯನ್ನು ನೀವೇ ಒಡೆಯಿರಿ, ನೀವೇ ಸೆಟಪ್ ಮಾಡಿ

ಇದು ಚಿಕ್ಕ ಮಾತೆನಿಸುತ್ತದೆ, ಆದರೆ ಬಹಳ ದೊಡ್ಡದು. ಅಂಗಡಿಯ ಹುಡುಗರು ಸಹಾಯ ಮಾಡಲೆಂದೇ ಹೊಸ ಯಂತ್ರ ತೆರೆದು, ಯಾವುದೋ ಒಂದು ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಮಾಡಿ, ಎಲ್ಲಾ ಸಾಫ್ಟ್‌ವೇರ್ ತುಂಬಿ ಕೊಡುತ್ತಾರೆ. ಆಗ ಲ್ಯಾಪ್‌ಟಾಪ್ ಜೊತೆ ಉಚಿತವಾಗಿ ಬಂದ ಆಫೀಸ್ ಆ ಖಾತೆಗೆ ಸೇರಿಬಿಡುತ್ತದೆ. ಡಿಸ್ಕಿನ ಗುಪ್ತ ಕೀಲಿಯೂ (ಹತ್ತನೇ ಸೂತ್ರ ನೋಡಿ) ಆ ಖಾತೆಗೇ ಹೋಗುತ್ತದೆ. ಎರಡು ವರ್ಷದ ಮೇಲೆ ಯಂತ್ರ ಕೀಲಿ ಕೇಳಿದಾಗ ಆ ಹುಡುಗ ಎಲ್ಲಿರುತ್ತಾನೋ, ಆ ಪಾಸ್‌ವರ್ಡ್ ಏನಿತ್ತೋ! ಸೀಲ್ ಒಡೆಯದ ಡಬ್ಬಿ ಮನೆಗೆ ತನ್ನಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ನಿಮ್ಮದೇ ಇಮೇಲಿನಿಂದ ಖಾತೆ ತೆರೆದು ನಿಧಾನಕ್ಕೆ ಸೆಟಪ್ ಮಾಡಿಕೊಳ್ಳಿ.

10. ಡಿಸ್ಕಿಗೆ ಬೀಗ, ಬೀಗದ ಕೀಲಿ ಮನೆಯಲ್ಲಿ

ಲಾಗಿನ್ ಪಾಸ್‌ವರ್ಡ್ ಇದ್ದರೆ ಸಾಕೆಂದು ಬಹಳ ಮಂದಿ ನಂಬಿದ್ದಾರೆ. ಸಾಲದು. ಎನ್‌ಕ್ರಿಪ್ಷನ್ ಇಲ್ಲದ ಯಂತ್ರ ಕದ್ದವನು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲವನ್ನೂ ಓದಬಲ್ಲ. ಎನ್‌ಕ್ರಿಪ್ಷನ್ ಇದ್ದರೆ ಅವನಿಗೆ ಸಿಗುವುದು ಅರ್ಥವಿಲ್ಲದ ಅಕ್ಷರರಾಶಿ. ವಿಂಡೋಸ್ 11 ಹೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವಸಿ ಅಂಡ್ ಸೆಕ್ಯುರಿಟಿಯೊಳಗೆ ‘ಡಿವೈಸ್ ಎನ್‌ಕ್ರಿಪ್ಷನ್’ ನೋಡಿ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ತಾನೇ ಆನ್ ಆಗಿರುತ್ತದೆ, ಇಲ್ಲದಿದ್ದರೆ ಆನ್ ಮಾಡಿ. ಪ್ರೋ ಆವೃತ್ತಿಯಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್.

ಆಮೇಲೆ ವಿಂಡೋಸಿನ 48 ಅಂಕಿಯ ರಿಕವರಿ ಕೀಲಿ. ಬಯಾಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಿಸಿದಾಗ ನೀಲಿ ಪರದೆ ಬಂದು ಆ ಕೀಲಿ ಕೇಳುತ್ತದೆ. ಇಲ್ಲವೆಂದರೆ ನಿಮ್ಮ ಎಲ್ಲಾ ಟಿಪ್ಪಣಿ ನಿಮಗೂ ಸಿಗದು. ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಇಟ್ಟಿರುವ ಫೈಲಿನಲ್ಲಿ ಸೇರಿಸಿ, ಮನೆಯ ತಿಜೋರಿಯಲ್ಲಿಡಿ. ಅವ್ವನಿಗೆ ಹೇಳಿ: ‘ಇದು ಕಳೀಬಾರ್ದವ್ವಾ.’ ಹಾಸ್ಟೆಲಿನಿಂದ ಫೋನ್ ಮಾಡಿದರೆ ಮನೆಯವರು ಅಂಕಿ ಓದಿ ಹೇಳಬಹುದು. ಕೀಲಿಯ ಚೀಟಿಯನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.

11. ಅಪ್‌ಡೇಟ್ ಮುಂದೂಡಬೇಡಿ, ಕ್ರ್ಯಾಕ್ ಹಾಕಬೇಡಿ

2017ರ ಮೇ 12ರಂದು ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನು ಸ್ತಬ್ಧಗೊಳಿಸಿತು. ಶಸ್ತ್ರಚಿಕಿತ್ಸೆಗಳು ರದ್ದಾದವು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ತೇಪೆ ಬಿಡುಗಡೆ ಮಾಡಿತ್ತು. ಆ ಅಪ್‌ಡೇಟ್ ಹಾಕದವರು ಸಿಕ್ಕಿಬಿದ್ದರು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳೇ ದಾಳಿಗೆ ತುತ್ತಾಗಿ ಹೊರರೋಗಿ ವಿಭಾಗ ಎಷ್ಟೋ ದಿನ ಕೈಬರಹದಲ್ಲಿ ನಡೆಯಬೇಕಾಯಿತು. ಆಸ್ಪತ್ರೆಯ ಜಾಲಕ್ಕೆ ಸೇರುವ ಪ್ರತಿ ಯಂತ್ರವೂ ಒಂದು ಬಾಗಿಲು, ನಿಮ್ಮದೂ ಹೌದು.

ವಾರಕ್ಕೊಮ್ಮೆ, ಊಟಕ್ಕೆ ಹೋಗುವ ಮುನ್ನ ಅಪ್‌ಡೇಟ್ ಒತ್ತಿಬಿಡಿ. ಪುಕ್ಕಟೆ ಆಫೀಸ್, ಪುಕ್ಕಟೆ ವಿಂಡೋಸ್ ಎಂದು ಗೆಳೆಯರು ಕೊಡುವ ಆಕ್ಟಿವೇಟರ್‌ಗಳು ಆಂಟಿವೈರಸ್ ಆಫ್ ಮಾಡಲು ಹೇಳುತ್ತವೆ. ಅಷ್ಟು ಕೇಳಿದ ಕೂಡಲೇ ಅರ್ಥ ಮಾಡಿಕೊಳ್ಳಿ. ಯಂತ್ರದ ಜೊತೆ ಬಂದ ಆಫೀಸ್, ಕಾಲೇಜು ಇಮೇಲ್ ಕೊಟ್ಟರೆ ಅದರಲ್ಲಿ ಸಿಗುವ ಆಫೀಸ್, ಏನೂ ಇಲ್ಲದಿದ್ದರೆ ಲಿಬ್ರೆ ಆಫೀಸ್ ಸಾಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಮಾನ್ಯ ಬಳಕೆಗೆ ಉತ್ತಮ. ಟೆಲಿಗ್ರಾಮ್ ಗುಂಪಿನ ಕಳ್ಳ ಪಿಡಿಎಫ್ ಬದಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯ ಬಳಸಿ. ಅದರ ಲಾಗಿನ್ ಕಾಲೇಜಿನ ಗ್ರಂಥಪಾಲಕರಲ್ಲಿ ಕೇಳಿ.

12. ರೋಗಿಯ ಮಾಹಿತಿ ನಿಮ್ಮ ಆಸ್ತಿಯಲ್ಲ

ಎರಡನೇ ವರ್ಷದಿಂದ ವಾರ್ಡಿಗೆ ಹೋಗುತ್ತೀರಿ. ಒಂದು ಎಕ್ಸ್‌ರೇ ನೋಡುತ್ತೀರಿ, ಕಲಿಯಲೆಂದು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತೀರಿ. ಫಿಲ್ಮಿನ ಮೂಲೆ ನೋಡಿ. ರೋಗಿಯ ಹೆಸರು, ವಯಸ್ಸು, ತಾರೀಖು, ಆಸ್ಪತ್ರೆಯ ನೋಂದಣಿ ಸಂಖ್ಯೆ ಅಲ್ಲಿದೆ. ಫೋಟೋ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಅಲ್ಲಿಂದ ಪ್ರತಿಯೊಬ್ಬರ ಗ್ಯಾಲರಿಗೆ, ಗ್ಯಾಲರಿಯಿಂದ ಕ್ಲೌಡಿಗೆ, ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿಗೆ. ಒಂದು ಕ್ಲಿಕ್ಕಿನಲ್ಲಿ ಹುಟ್ಟಿದ ಅಷ್ಟೂ ಪ್ರತಿಗಳನ್ನು ಇನ್ನು ಯಾರೂ ವಾಪಸ್ ತರಲಾರರು.

ದೊಡ್ಡ ನಗರಕ್ಕಿಂತ ನಮ್ಮ ಕಡೆ ಈ ಅಪಾಯ ಹೆಚ್ಚು. ‘ರಾಜೇಶ್ವರ ಗ್ರಾಮ, 47 ವರ್ಷ, ಹೆಣ್ಣು, ಕಿರಾಣಿ ಅಂಗಡಿ’ ಎಂದು ಬರೆದರೆ ಹೆಸರು ಬರೆಯಬೇಕಾದ್ದೇ ಇಲ್ಲ. ತಾಲ್ಲೂಕಿನ ಅರ್ಧ ಜನ ಅವರು ಯಾರೆಂದು ಹೇಳಿಬಿಡುತ್ತಾರೆ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಮದುವೆಯಾಗದ ಹುಡುಗಿಯ ಸ್ತ್ರೀರೋಗ ತಪಾಸಣೆ: ಇಂಥ ಒಂದು ಸಾಲು ಹೊರಬಿದ್ದರೆ ಸಂಬಂಧ ಮುರಿಯುತ್ತದೆ, ಕೆಲಸ ಹೋಗುತ್ತದೆ, ಆ ಮನೆಯವರು ತಲೆಯೆತ್ತಿ ನಡೆಯದಂತಾಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಗುರುತು ಸಿಗುವಂಥ ರೋಗಿಯ ಫೋಟೋ, ಕೇಸ್ ವಿವರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಯಾಗುತ್ತಿವೆ.

ಹಾಗಾಗಿ ನಿಯಮ ಮಾಡಿಕೊಳ್ಳಿ. ವಿಭಾಗದ ಅನುಮತಿ, ರೋಗಿಯ ಒಪ್ಪಿಗೆ ಎರಡೂ ಇಲ್ಲದೆ ಫೋಟೋ ಬೇಡ. ಕೇಸ್ ಬರೆಯುವಾಗ ಹೆಸರಿನ ಬದಲು ಕ್ರಮಸಂಖ್ಯೆ, ವಯಸ್ಸಿನ ಬದಲು ‘45ರಿಂದ 50’, ಹಳ್ಳಿಯ ಬದಲು ‘ಬೀದರ ಜಿಲ್ಲೆ’. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಲ್ಯಾಪ್‌ಟಾಪಿನಲ್ಲಿ ಬೇಡ. ಅದು ವಿಭಾಗದ ಮಾರ್ಗದರ್ಶಕರ ಸುಪರ್ದಿಯಲ್ಲಿರಲಿ. ಎಐ ಚಾಟ್‌ಗಳಲ್ಲಿ ರೋಗಿಯ ರಿಪೋರ್ಟ್ ಹಾಕಿ ವಿವರಣೆ ಕೇಳಬೇಡಿ. ಪೋಸ್ಟಿಂಗ್ ಮುಗಿದ ದಿನ ಆ ಫೋಲ್ಡರ್ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

13. ಕನ್ನಡ, ಮರಾಠಿ, ಉರ್ದು ಮೂರೂ ಟೈಪ್ ಆಗಬೇಕು

ಪಾಠ ಇಂಗ್ಲಿಷಿನಲ್ಲಿರಬಹುದು, ಆದರೆ ರೋಗಿ ಮಾತಾಡುವುದು ತನ್ನ ಭಾಷೆಯಲ್ಲಿ. ಬೀದರಿನ ವಾರ್ಡಿಗೆ ಭಾಲ್ಕಿ, ಔರಾದಿನವರು ಬರುತ್ತಾರೆ. ಉದಗೀರ, ಜಹೀರಾಬಾದಿನಿಂದ ಗಡಿ ದಾಟಿಯೂ ಬರುತ್ತಾರೆ. ನಾಳೆ ನೀವು ಸಂಶೋಧನೆಗೆ ಪ್ರಶ್ನಾವಳಿ, ಒಪ್ಪಿಗೆ ಪತ್ರ ತಯಾರಿಸಿದರೆ ಓದುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ನೈತಿಕ ಸಮಿತಿ ಅದನ್ನೇ ಕೇಳುತ್ತದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಕನ್ನಡ, ಮರಾಠಿ, ಉರ್ದು ಕೀಲಿಮಣೆ ಸೇರಿಸಬಹುದು, ದುಡ್ಡು ಬೇಕಿಲ್ಲ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದ ಒಪ್ಪಿಗೆ ಪತ್ರ ಬೇರೆ ಯಂತ್ರದಲ್ಲಿ ತೆರೆದರೆ ಅಕ್ಷರ ಚಿಂದಿಯಾಗುತ್ತದೆ.

14. ಪೆನ್‌ಡ್ರೈವ್ ಕಮ್ಮಿ, ಪಾಸ್‌ವರ್ಡ್ ಗಟ್ಟಿ

ಹಾಸ್ಟೆಲ್ ಸುತ್ತುವ ಪೆನ್‌ಡ್ರೈವ್ ಊರೆಲ್ಲಾ ವೈರಸ್ ಹೊತ್ತು ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಬೇಕಾದರೆ ಪಿಡಿಎಫ್ ಮಾಡಿ ಅಂಗಡಿಯ ಇಮೇಲಿಗೆ ಕಳಿಸಿ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಜಿಮೇಲ್, ವಾಟ್ಸ್‌ಆ್ಯಪ್ ವೆಬ್ ತೆರೆಯಬೇಡಿ. ಮುಖ್ಯ ಇಮೇಲಿಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟು, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಉಳಿದ ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಐದು ನಿಮಿಷ ಮುಟ್ಟದಿದ್ದರೆ ಪರದೆಗೆ ತಾನೇ ಬೀಗ ಬೀಳುವಂತೆ ಮಾಡಿ, ಮೆಸ್ಸಿಗೆ ಏಳುವಾಗ ವಿಂಡೋಸ್ ಕೀಲಿ ಜೊತೆ ಎಲ್ ಒತ್ತಿ ಏಳಿ. ಫೋನ್ ಮಾಡಿ, ದೂರದಿಂದಲೇ ನಿಮ್ಮ ಯಂತ್ರ ನಡೆಸಬಲ್ಲ ಎನಿಡೆಸ್ಕ್ ಹಾಕಿಕೊಳ್ಳಿ ಎಂದವರ ಮಾತು ಕೇಳಬೇಡಿ, ಬ್ಯಾಂಕಿನವರೆಂದರೂ, ಸ್ಕಾಲರ್‌ಶಿಪ್‌ನವರೆಂದರೂ.

15. ಬ್ಯಾಕಪ್ ಭಾನುವಾರದ ಕೆಲಸ. ಬಿಸಿಲು, ಧೂಳು ದಿನದ ಕೆಲಸ

ಮುಖ್ಯ ಫೈಲಿಗೆ ಮೂರು ಪ್ರತಿ ಇರಲಿ: ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಡಿಸ್ಕನ್ನು ಸದಾ ಚುಚ್ಚಿಟ್ಟಿರಬೇಡಿ. ರ‍್ಯಾನ್ಸಮ್‌ವೇರ್ ಬಂದರೆ ಅದನ್ನೂ ನುಂಗುತ್ತದೆ. ಭಾನುವಾರ ಚುಚ್ಚಿ, ನಕಲು ಮಾಡಿ, ತೆಗೆದು ಕಪಾಟಿನಲ್ಲಿಡಿ. ಆ ಡಿಸ್ಕಿಗೂ ಎನ್‌ಕ್ರಿಪ್ಷನ್ ಇರಲಿ.

ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಕುದಿಯುತ್ತದೆ, ಬ್ಯಾಟರಿ ಬೇಗ ಸೊರಗುತ್ತದೆ. ಮೇಜಿನ ಮೇಲೇ ಇಡಿ, ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಕರೆಂಟು ಹೋಗಿ ಬರುವಾಗಿನ ಹೊಡೆತಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕು. ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಿ. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವ ಮಾಡೆಲ್ ಆದರೆ ಗೆಳೆಯರ ಚಾರ್ಜರ್ ಕೂಡ ಕೆಲಸಕ್ಕೆ ಬರುತ್ತದೆ.

16. ಕಳುವಾದರೆ ಮೊದಲ ತಾಸಿನಲ್ಲಿ ಇಷ್ಟು ಮಾಡಿ

ಕೊಂಡ ದಿನವೇ ಬಿಲ್, ಸೀರಿಯಲ್ ಸಂಖ್ಯೆ, ಯಂತ್ರದ ಬೆನ್ನು ಮೂರರ ಫೋಟೋ ತೆಗೆದು ನಿಮ್ಮ ಇಮೇಲಿಗೂ ಅಪ್ಪನ ಮೊಬೈಲಿಗೂ ಕಳಿಸಿಡಿ. ‘ಫೈಂಡ್ ಮೈ ಡಿವೈಸ್’ ಆನ್ ಇರಲಿ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಮೇಲಿನ ಕ್ಯಾರಿಯರಿನಲ್ಲಿಡದೆ ತೊಡೆಯ ಮೇಲಿಟ್ಟುಕೊಳ್ಳಿ. ರಾತ್ರಿ ಪ್ರಯಾಣವಾದರೆ ಪಟ್ಟಿ ತೋಳಿಗೆ ಸುತ್ತಿಕೊಂಡು ಮಲಗಿ. ಕಳುವಾಯಿತೆಂದರೆ ಮೊದಲು ಇನ್ನೊಂದು ಸಾಧನದಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲಾ ಕಡೆಯಿಂದ ಲಾಗ್‌ಔಟ್ ಮಾಡಿ. ಆಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಂತ್ರದಲ್ಲಿ ರೋಗಿಗಳ ಮಾಹಿತಿ ಇದ್ದಿದ್ದರೆ ವಿಭಾಗದ ಮುಖ್ಯಸ್ಥರಿಗೆ ಅಂದೇ ತಿಳಿಸಿ. ಬೈಯಬಹುದು, ಬೈಯಲಿ, ಮುಚ್ಚಿಡುವುದರಿಂದ ಆಗುವ ಹಾನಿ ಅದಕ್ಕಿಂತ ದೊಡ್ಡದು.

ತಂದೆತಾಯಂದಿರಿಗೆ ಒಂದು ಮಾತು. ಅತಿ ದುಬಾರಿಯದನ್ನು ಕೊಡಿಸದಿದ್ದರೆ ಮಗ ಹಿಂದೆ ಬೀಳುತ್ತಾನೆಂಬ ಚಿಂತೆ ಬೇಡ. 16 ಜಿಬಿ ರ‍್ಯಾಮ್, ಒಳ್ಳೆ ಪರದೆ, ಮೂರು ವರ್ಷದ ವಾರಂಟಿ, ಬೀಗ ಹಾಕಿದ ಡಿಸ್ಕು ಇಷ್ಟಿದ್ದರೆ ಎಂಬಿಬಿಎಸ್ ಸರಾಗವಾಗಿ ಮುಗಿಯುತ್ತದೆ. ಮಕ್ಕಳಿಗೆ ಇನ್ನೊಂದು ಮಾತು. ಆ ಯಂತ್ರದೊಳಗೆ ನಾಳೆ ಬಂದು ಸೇರುವುದು ನಿಮ್ಮ ಮೇಲೆ ಭರವಸೆಯಿಟ್ಟು ನೋವು ಹೇಳಿಕೊಂಡವರ ಬದುಕು. ಅದನ್ನು ಕಾಯುವುದು ವೈದ್ಯ ವೃತ್ತಿಯ ಮೊದಲ ಪಾಠ, ಪದವಿ ಬರುವ ತನಕ ಕಾಯದೆ ಈಗಿನಿಂದಲೇ ಕಲಿಯಿರಿ. ಲ್ಯಾಪ್‌ಟಾಪ್ ತಂದ ಮೊದಲ ರಾತ್ರಿ ಸಿನಿಮಾ ಹಾಕುವ ಮುನ್ನ ಒಂಬತ್ತು ಮತ್ತು ಹತ್ತನೇ ಸೂತ್ರ ಪಾಲಿಸಿ, ರಿಕವರಿ ಕೀಲಿ ಬರೆದು ಮನೆಯವರ ಕೈಗೆ ಕೊಟ್ಟೇ ಹಾಸ್ಟೆಲಿಗೆ ಹೊರಡಿ.